ತೊಗರಿ ಬೆಳೆಗಾರರ ಗ್ರೂಪಿಗೆ ವಾಟ್ಸಾಪ್ ಸಾಲ್ತಿಲ್ಲ, ಬೇರೆ ಏನು ನೋಡಲಿ?

ಆಳಂದ ತೊಗರಿ:
ನಮಸ್ಕಾರ. ಕಲಬುರಗಿ ಕಡೆಯ ತೊಗರಿ ಬೆಳೆಗಾರರ ವಾಟ್ಸಾಪ್ ಗ್ರೂಪ್ ನಾನೇ ನೋಡಿಕೊಳ್ಳುತ್ತೇನೆ. 1024 ಜನ ತುಂಬಿದ್ದಾರೆ, ಇನ್ನು ಜಾಗ ಇಲ್ಲ. ಅದು ಸಣ್ಣ ಮಾತು. ದೊಡ್ಡ ತಲೆನೋವು ಬೇರೆ ಇದೆ.

ಹೊಲದಲ್ಲಿ ನೀರು ನಿಂತು ಹೋದ ಮೇಲೆ ಒಣಗಿದ ಗಿಡದ ಫೋಟೊ ಶುರುವಾಗುತ್ತವೆ. "ಏನು ಹೊಡೀಬೇಕು?" ಕಾಂಡ ಸೀಳಿ ನೋಡಿ, ಒಳಗೆ ಕಪ್ಪು ಗೆರೆ ಇದ್ದರೆ ನೆಟೆ ರೋಗ ಅಂತ ಬರೆಯುತ್ತೇನೆ. ಅದು ಮಣ್ಣಿನಲ್ಲಿರುವ ಶಿಲೀಂಧ್ರ, ಒಣಗಿದ ಗಿಡಕ್ಕೆ ಎಣ್ಣೆ (ಔಷಧಿ) ಹೊಡೆದು ಪ್ರಯೋಜನ ಇಲ್ಲ, ಬಿತ್ತುವ ಮೊದಲೇ ಬೀಜಕ್ಕೆ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರ) ಹಚ್ಚಬೇಕು. ಇಷ್ಟೆಲ್ಲ ಬರೆದದ್ದು ಸಂಜೆಯೊಳಗೆ ಶುಭರಾತ್ರಿ ಗುಲಾಬಿಗಳ ಕೆಳಗೆ ಹೋಗಿಬಿಡುತ್ತದೆ. ಮರುದಿನ ಇನ್ನೊಂದು ಹೊಲ, ಅದೇ ಫೋಟೊ!

ಉತ್ತರ ಉಳಿಯಬೇಕು, ಗೂಗಲ್‌ನಲ್ಲಿ ಹುಡುಕಿದರೆ ಸಿಗಬೇಕು. ದುಡ್ಡು ಜಾಸ್ತಿ ಇಲ್ಲ.

ಬೀದರ್ ಕೋಡ್:
ಡಿಸ್ಕೋರ್ಸ್ ನೋಡಿ ಅಣ್ಣಾ, ಚರ್ಚೆಯ ವೆಬ್‌ಸೈಟ್ ನಡೆಸುವ ಸಾಫ್ಟ್‌ವೇರ್. ಓಪನ್ ಸೋರ್ಸ್, ಸಾಫ್ಟ್‌ವೇರ್‌ಗೆ ದುಡ್ಡಿಲ್ಲ. ಹೊಸ ಪ್ರಶ್ನೆ ಟೈಪ್ ಮಾಡುವಾಗಲೇ ಅಂಥದ್ದೇ ಹಳೆಯ ಪ್ರಶ್ನೆ ತೋರಿಸುತ್ತದೆ. ಆದರೆ ಕಡಿಮೆ ಅಂದರೂ 1 ಜಿಬಿ ರ‍್ಯಾಮ್ ಇರುವ ಸರ್ವರ್ ಬೇಕು, ಇ-ಮೇಲ್ ಕಳಿಸುವ ವ್ಯವಸ್ಥೆ ಬೇರೆ ಮಾಡಿಕೊಳ್ಳಬೇಕು. ನಿಮ್ಮ ಗ್ರೂಪಿನಲ್ಲಿ ಇ-ಮೇಲ್ ತೆರೆದು ನೋಡುವವರು ಎಷ್ಟು ಜನ?

ಶಹಾಪುರದವ:
ಸುಮ್ನೆ ಟೆಲಿಗ್ರಾಮ್‌ಗೆ ಬನ್ನಿ ರೀ. 2 ಲಕ್ಷ ಜನರ ತನಕ ಸೇರಿಸಬಹುದು. ನೆಟೆ, ಕಾಯಿಕೊರಕ, ರೇಟು ಅಂತ ವಿಷಯ ಬೇರೆ ಬೇರೆ ಇಡಬಹುದು. ಹೊಸದಾಗಿ ಬಂದವರಿಗೂ ಹಳೆಯ ಮೆಸೇಜ್ ಕಾಣುವ ಹಾಗೆ ಇಡಬಹುದು.

ಎರಿಹೊಲ:
ಟೆಲಿಗ್ರಾಮ್ ಗ್ರೂಪಿನ ಮಾತು ಗೂಗಲ್‌ನಲ್ಲಿ ಎಲ್ಲಿ ಸಿಗುತ್ತೆ? ಅವರು ಕೇಳಿದ್ದೇ ಅದು ಅಲ್ವಾ.
ಕ್ವೆಶ್ಚನ್‌2ಆನ್ಸರ್ ನೋಡಿ ಅಕ್ಕಾ/ಅಣ್ಣಾ, ಪ್ರಶ್ನೋತ್ತರದ ವೆಬ್‌ಸೈಟ್ ಮಾಡುವ ಸಾಫ್ಟ್‌ವೇರ್. ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಇರುವ ಸಾದಾ ಹೋಸ್ಟಿಂಗ್ (ವೆಬ್‌ಸೈಟ್ ಇಡುವ ಬಾಡಿಗೆ ಜಾಗ) ಸಾಕು. ಒಂದು ಪ್ರಶ್ನೆ, ಕೆಳಗೆ ಉತ್ತರ, ವೋಟು, ಅಷ್ಟೇ. ವೋಟಿನ ಮೇಲೆ ಮಾತ್ರ ಕಣ್ಣಿರಲಿ. ಎಣ್ಣೆ ಅಂಗಡಿಯವರು ನಾಲ್ಕು ಜನ ಸೇರಿದರೆ ಅವರ ಡಬ್ಬಿಯೇ ಮೇಲೆ ಬಂದು ಕೂರುತ್ತದೆ.

ಆಳಂದ ತೊಗರಿ:
ಅಕ್ಕ ಅಂತಲೇ ಅನ್ನಿ 🙂
ಡಿಸ್ಕೋರ್ಸ್ ಚೆಂದ ಇದೆ, ಆದರೆ ಸರ್ವರ್ ಕೆಟ್ಟರೆ ರಾತ್ರಿ ಕೂತು ನೋಡುವವರು ನಮ್ಮಲ್ಲಿ ಇಲ್ಲ. ನಮ್ಮ ಜನ ಟೈಪ್ ಮಾಡುವುದೂ ಕಡಿಮೆ, ಎಲ್ಲಾ ವಾಯ್ಸ್ ಮೆಸೇಜ್. ಅವರನ್ನು ಎಲ್ಲಿಗೂ ಕರೆದುಕೊಂಡು ಹೋಗುವುದು ಬೇಡ ಅನ್ನಿಸುತ್ತಿದೆ. ಪ್ರಶ್ನೆ ವಾಟ್ಸಾಪ್‌ನಲ್ಲೇ ಕೇಳಲಿ. ನಾವು ನಾಲ್ಕೈದು ಜನ ಅದನ್ನು ಬರೆದು, ಉತ್ತರದ ಜೊತೆ ಕ್ವೆಶ್ಚನ್‌2ಆನ್ಸರ್‌ಗೆ ಏರಿಸುತ್ತೇವೆ. ಮುಂದಿನ ಸಲ ಅದೇ ಫೋಟೊ ಬಂದರೆ ಲಿಂಕ್ ಕಳಿಸಿದರಾಯಿತು. ವೋಟು ಸದ್ಯಕ್ಕೆ ಬಂದ್.

ಬೀದರ್ ಕೋಡ್:
ಸರಿ ಅಕ್ಕಾ. ಡೇಟಾಬೇಸ್ ಬ್ಯಾಕಪ್ ವಾರಕ್ಕೊಮ್ಮೆ ನಿಮ್ಮ ಲ್ಯಾಪ್‌ಟಾಪಿಗೂ ಇಳಿಸಿಕೊಳ್ಳಿ, ಹೋಸ್ಟಿಂಗ್‌ನವರನ್ನೇ ನಂಬಿ ಕೂರಬೇಡಿ.