ಸಂಘದ ಹಳೇ ಪುಸ್ತಕ ಡಿಜಿಟಲ್ ಮಾಡಬೇಕು, ಎಲ್ಲಿಂದ ಕಲಿಯೋದು?

ಬೀರು_ಕೀಲಿ:
ಎಲ್ಲರಿಗೂ ನಮಸ್ಕಾರ. ನಮ್ಮೂರ ಕನ್ನಡ ಸಂಘದಲ್ಲಿ ಬೀರು ತುಂಬ ಹಳೇ ಪುಸ್ತಕಗಳಿವೆ. ಕೆಲವಕ್ಕೆ ಗೆದ್ದಲು ಹಿಡಿದಿದೆ, ಕೆಲವು ಮುಟ್ಟಿದರೆ ಪುಡಿ ಉದುರುತ್ತದೆ. ಸ್ಕ್ಯಾನ್ ಮಾಡಿ ಇಡೋಣ ಅಂತ ನಾವು ಕೆಲವರು ಮಾತಾಡಿಕೊಂಡಿದ್ದೇವೆ. ಆದರೆ ಡಿಜಿಟಲ್ ಲೈಬ್ರರಿ ಅನ್ನೋದರ ತಲೆಬುಡ ನಮಗೆ ಗೊತ್ತಿಲ್ಲ. ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಈಗಾಗಲೇ ರಾಶಿ ಕನ್ನಡ ಪುಸ್ತಕ ಇವೆ ಅಂತಾರೆ, ಆದರೆ ಕನ್ನಡದಲ್ಲಿ ಹೆಸರು ಟೈಪ್ ಮಾಡಿದರೆ ನನಗೆ ಬೇಕಾದ್ದು ಒಂದೂ ಸಿಗಲಿಲ್ಲ. ಇದನ್ನೆಲ್ಲ ಎಲ್ಲಿ ಕಲಿಯಬಹುದು? ಕಾಪಿರೈಟ್ ತಂಟೆ ಬರಲ್ವಾ?

ತಾಳೆಗರಿ:
ಇವೆ ಸರ್, ಬೇಕಾದಷ್ಟಿವೆ. ಸಿಗದೇ ಇರೋದಕ್ಕೆ ಕಾರಣ ಬೇರೆ. ಬೆಂಗಳೂರಿನ ಐಐಎಸ್‌ಸಿ ಮತ್ತು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಕೈಜೋಡಿಸಿದ್ದ, ಹತ್ತು ಲಕ್ಷ ಪುಸ್ತಕ ಸ್ಕ್ಯಾನ್ ಮಾಡೋ ಮಿಲಿಯನ್ ಬುಕ್ ಯೋಜನೆಯ ಭಾಗವಾಗಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಅಂತ ಒಂದಿತ್ತು. ಆ ತಾಣ ಆಮೇಲೆ ನಿಂತುಹೋಯಿತು. ಅದೃಷ್ಟಕ್ಕೆ ಅದರಲ್ಲಿದ್ದ ಲಕ್ಷಗಟ್ಟಲೆ ಪುಸ್ತಕಗಳ ಪ್ರತಿ ಆರ್ಕೈವ್‌ಗೆ ಸೇರಿದ್ದರಿಂದ ಉಳಿದುಕೊಂಡವು. ಆದರೆ ಅಲ್ಲಿ ಹೆಚ್ಚಿನವುಗಳ ಹೆಸರು ಇಂಗ್ಲಿಷ್ ಅಕ್ಷರದಲ್ಲಿದೆ, ಅದೂ ಒಬ್ಬೊಬ್ಬರು ಒಂದೊಂದು ಥರ ಹೊಡೆದಿದ್ದಾರೆ. ದೀರ್ಘಕ್ಕೆ ಒಂದೇ ‘ಎ’ ಹಾಕಿದವರಿದ್ದಾರೆ, ಎರಡು ಹಾಕಿದವರಿದ್ದಾರೆ, ಲೇಖಕರ ಇನಿಶಿಯಲ್ ಹಿಂದೆ ಮುಂದೆ ಆಗಿದೆ. ಭಾಷೆ ಕನ್ನಡ ಅಂತ ಆರಿಸಿಕೊಂಡು, ಹೆಸರಿನ ಒಂದೇ ಪದವನ್ನು ಇಂಗ್ಲಿಷಿನಲ್ಲಿ ಬೇರೆ ಬೇರೆ ಥರ ಬರೆದು ನೋಡಿ, ಸಿಗುತ್ತದೆ. ಅಲ್ಲೇ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಅನ್ನೋ ಸಂಗ್ರಹವನ್ನೂ ನೋಡಿ, ಬೆಂಗಳೂರಿನಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳು ಅದರಲ್ಲಿ ತುಂಬ ಇವೆ.

ಇದನ್ನೇ ನಿಮ್ಮ ಮೊದಲ ಪಾಠ ಅಂದುಕೊಳ್ಳಿ. ಸ್ಕ್ಯಾನ್ ಯಾರು ಬೇಕಾದರೂ ಮಾಡುತ್ತಾರೆ, ಹೆಸರು ಸರಿಯಾಗಿ ಬರೆಯೋರು ಕಮ್ಮಿ. ಹೆಸರು ಕನ್ನಡ ಲಿಪಿಯಲ್ಲೂ ಇಂಗ್ಲಿಷಿನಲ್ಲೂ ಇರಲಿ. ಲೇಖಕರು, ಸಂಪಾದಕರು, ಪ್ರಕಾಶಕರು, ಊರು, ಇಸವಿ, ಎಷ್ಟನೇ ಮುದ್ರಣ ಇಷ್ಟನ್ನೂ ಒಂದು ಎಕ್ಸೆಲ್ ಶೀಟಿನಲ್ಲಿ ಹಾಕಿ. ಪುಸ್ತಕದ ವಿವರ ಬರೆದಿಡೋಕೆ ಡಬ್ಲಿನ್ ಕೋರ್ ಅಂತ 15 ಅಂಶಗಳ ಒಂದು ಪದ್ಧತಿ ಇದೆ, ಪ್ರಪಂಚದ ಎಷ್ಟೋ ಲೈಬ್ರರಿಗಳು ಅದನ್ನೇ ಬಳಸುತ್ತವೆ, ಒಂದು ಸಂಜೆ ಕೂತರೆ ಅರ್ಥವಾಗುತ್ತದೆ.

ಇಂಡೆಕ್ಸ್‌ಕಾರ್ಡ್:
ಕಲಿಯೋದಕ್ಕೆ: ಸರ್ಕಾರದ ಇ-ಪಿಜಿ ಪಾಠಶಾಲಾದಲ್ಲಿ ಗ್ರಂಥಾಲಯ ವಿಜ್ಞಾನದ ಪಾಠಗಳು ಪುಕ್ಕಟೆ ಸಿಗುತ್ತವೆ, ಡಿಜಿಟಲ್ ಲೈಬ್ರರಿ ಬಗ್ಗೆಯೂ ಇವೆ. ಇಂಗ್ಲಿಷಿನಲ್ಲಿವೆ, ಸ್ವಲ್ಪ ಒಣ ಒಣ, ಆದರೂ ಪರವಾಗಿಲ್ಲ. ಪದವಿಯೇ ಮಾಡುವ ಹುಡುಗ ಹುಡುಗಿಯರು ನಿಮ್ಮಲ್ಲಿದ್ದರೆ ಗ್ರಂಥಾಲಯ ವಿಜ್ಞಾನ ಕಲಿಸುವ ಬೆಂಗಳೂರಿನ ಡಿಆರ್‌ಟಿಸಿ ಬಗ್ಗೆ ಹೇಳಿ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1962ರಲ್ಲಿ ಕಟ್ಟಿದ ಸಂಸ್ಥೆ ಅದು, ಮೈಸೂರು ರಸ್ತೆಯ ಐಎಸ್‌ಐ (ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ) ಆವರಣದಲ್ಲಿದೆ. ಕೈಯಾರೆ ಮಾಡಿ ಕಲಿಯೋದಾದರೆ, ಹಳೇ ಪುಸ್ತಕಗಳನ್ನು ಜನರೇ ತಿದ್ದಿ ಪಠ್ಯವಾಗಿಸೋ ಕನ್ನಡ ವಿಕಿಸೋರ್ಸ್‌ ತಾಣಕ್ಕಿಂತ ಒಳ್ಳೆ ಜಾಗ ಇಲ್ಲ. ಪುಟದ ಚಿತ್ರ ಒಂದು ಕಡೆ, ಕಂಪ್ಯೂಟರ್ ಓದಿದ ಅಕ್ಷರ ಇನ್ನೊಂದು ಕಡೆ. ತಿದ್ದಿದರೆ ಪುಟ ಹಳದಿ ಆಗುತ್ತದೆ, ಇನ್ನೊಬ್ಬರು ನೋಡಿ ಸರಿ ಅಂದರೆ ಹಸಿರು. ಹಳೇ ಅಚ್ಚಿನ ಒತ್ತಕ್ಷರ, ಅರ್ಕಾವತ್ತು, ಹಳಗನ್ನಡದ ಱ, ೞ ಬಂದಾಗ ಓಸಿಆರ್ (ಚಿತ್ರದಿಂದ ಅಕ್ಷರ ಓದೋ ತಂತ್ರಾಂಶ) ಹೇಗೆ ತಡವರಿಸುತ್ತದೆ ಅಂತ ಅಲ್ಲಿ ಕಣ್ಣಾರೆ ಕಾಣುತ್ತದೆ.

ಸುಮ್ನೆ ಓದೋದಕ್ಕಾದರೆ ಕರ್ನಾಟಕ ಸರ್ಕಾರದ ಕಣಜ ತಾಣ, ಮೈಸೂರಿನ ಭಾರತವಾಣಿ, ಐಐಟಿ ಖರಗ್‌ಪುರದವರ ನ್ಯಾಷನಲ್ ಡಿಜಿಟಲ್ ಲೈಬ್ರರಿ ಇವೆ.

ಕರಿಕೋಟು:
ಕಾಪಿರೈಟ್ ವಿಷಯ. ನಮ್ಮಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಪಂಜೆ ಮಂಗೇಶರಾಯರು ಹೋಗಿದ್ದು 1937ರಲ್ಲಿ, ಬಿಎಂಶ್ರೀ ಮತ್ತು ಕೈಲಾಸಂ 1946ರಲ್ಲಿ, ಹಾಗಾಗಿ ಇವರು ಬರೆದದ್ದನ್ನು ಧಾರಾಳವಾಗಿ ಹಾಕಬಹುದು. ಕುವೆಂಪು ತೀರಿಕೊಂಡಿದ್ದು 1994ರಲ್ಲಿ, ಅವರ ಪುಸ್ತಕಕ್ಕೆ 2054ರ ಕೊನೆವರೆಗೂ ಹಕ್ಕಿದೆ, ಪುಸ್ತಕ ಎಷ್ಟೇ ಹಳೇದಿರಲಿ. ಪಂಪ ರನ್ನರದ್ದಾದರೆ ಪದ್ಯಕ್ಕೆ ತೊಂದರೆಯಿಲ್ಲ, ಆದರೆ ಸಂಪಾದಕರ ಮುನ್ನುಡಿ, ಟಿಪ್ಪಣಿ ಅವರವರದ್ದು. ಬಹಳ ಜನ ಇಲ್ಲೇ ಎಡವುತ್ತಾರೆ.

ಇನ್ನೊಂದು ಮಾತು. ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿ ಪ್ರಕಾರ, ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿ ಕಾಗದದ ಪ್ರತಿ ಇದ್ದರೆ ಸಂರಕ್ಷಣೆಗೆ ಅಂತ ಅದನ್ನು ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಬಹುದು. ಇಟ್ಟುಕೊಳ್ಳಬಹುದು ಅಷ್ಟೇ, ಇಂಟರ್ನೆಟ್ಟಿಗೆ ಹಾಕೋದು ಬೇರೆ ಮಾತು. ನಿಮ್ಮ ಸಂಘ ಅದರಡಿ ಬರುತ್ತದಾ ಅಂತ ಒಬ್ಬ ವಕೀಲರನ್ನು ಕೇಳಿ.

ಸರಸರ:
ಇಷ್ಟೆಲ್ಲ ಯಾಕೆ ಗುರು? ಫೋನಲ್ಲಿ ಫೋಟೋ ಹೊಡಿ, ಪಿಡಿಎಫ್ ಮಾಡು, ಟೆಲಿಗ್ರಾಂಗೆ ಹಾಕು, ಮುಗೀತು. ಗೆದ್ದಲು ಕಾಯುತ್ತಾ?

ತಾಳೆಗರಿ:
ಪುಡಿಯಾಗುತ್ತಿರೋ ಪುಸ್ತಕಕ್ಕೆ ಫೋನ್ ಆದರೂ ಸರಿ, ಒಪ್ಪುತ್ತೇನೆ. ಟೆಲಿಗ್ರಾಂ ಮಾತ್ರ ಬೇಡ. ಅಲ್ಲಿ ಹೋದದ್ದು ಆರು ತಿಂಗಳ ಮೇಲೆ ಯಾರಿಗೂ ಸಿಗಲ್ಲ, ಯಾವ ಮುದ್ರಣ, ಯಾರು ಪ್ರಕಾಶಕರು ಏನೂ ತಿಳಿಯಲ್ಲ, ಫೈಲ್ ಹೆಸರು ನೋಡಿದರೆ ‘ಸ್ಕ್ಯಾನ್ 0047’.

ಬೀರು_ಕೀಲಿ:
ತುಂಬ ಉಪಕಾರ ಆಯ್ತು. ಮೊದಲು ಎಕ್ಸೆಲ್ ಪಟ್ಟಿ ಶುರು ಮಾಡುತ್ತೇವೆ. ಎರಡು ಪ್ರಶ್ನೆ: ಸಂಘದ್ದೇ ವೆಬ್‌ಸೈಟ್ ಮಾಡಬೇಕಾ? ಸ್ಕ್ಯಾನ್ ಮಾಡೋಕೆ ಬೈಂಡಿಂಗ್ ಬಿಚ್ಚಬೇಕಾ?

ಇಂಡೆಕ್ಸ್‌ಕಾರ್ಡ್:
ವೆಬ್‌ಸೈಟ್ ಬೇಡ. ಡಿಜಿಟಲ್ ಲೈಬ್ರರಿ ಕಟ್ಟೋಕೆ ಡಿಸ್ಪೇಸ್, ಗ್ರೀನ್‌ಸ್ಟೋನ್ ಅಂತ ಉಚಿತ ತಂತ್ರಾಂಶಗಳಿವೆ, ಆದರೆ ಸರ್ವರ್ ನೋಡಿಕೊಳ್ಳೋರು ಒಬ್ಬರು ಬೇಕು. ಅವರು ಊರು ಬಿಟ್ಟರೆ, ಡೊಮೈನ್ ದುಡ್ಡು ಕಟ್ಟೋದು ಮರೆತರೆ, ಎಲ್ಲ ಹೋಯಿತು. ಹಕ್ಕು ಮುಗಿದ ಪುಸ್ತಕಗಳನ್ನು ಆರ್ಕೈವ್‌ಗೆ ಹಾಕಿ, ಮೂಲ ಫೈಲುಗಳನ್ನು ಎರಡು ಹಾರ್ಡ್ ಡಿಸ್ಕಿನಲ್ಲಿ ಇಡಿ, ಎರಡೂ ಒಂದೇ ಬೀರುವಿನಲ್ಲಿ ಬೇಡ.

ಬೈಂಡಿಂಗ್ ಬಿಚ್ಚಬೇಡಿ. ‘ವಿ’ ಆಕಾರದ ಸ್ಟ್ಯಾಂಡ್ ಬಡಗಿ ಹತ್ತಿರ ಮಾಡಿಸಿ, ಪುಸ್ತಕವನ್ನು ಅರ್ಧ ತೆರೆದು ಅದರಲ್ಲಿ ಮಲಗಿಸಿ, ಮೇಲೆ ಗಾಜು ಒರಗಿಸಿ ಎರಡು ಕಡೆಯಿಂದ ಕ್ಯಾಮೆರಾ ಇಡಿ. ಚಿತ್ರದ ಸ್ಪಷ್ಟತೆ 300 ಡಿಪಿಐಗಿಂತ (ಇಂಚಿಗೆ 300 ಚುಕ್ಕಿ) ಕಮ್ಮಿ ಬೇಡ, ಸಣ್ಣ ಅಚ್ಚಾದರೆ 400 ಇರಲಿ. ಮೂಲ ಚಿತ್ರ ಟಿಫ್ ಫೈಲಿನಲ್ಲಿ (ಗುಣಮಟ್ಟ ಕೆಡದ ಚಿತ್ರದ ಬಗೆ), ಓದೋಕೆ ಪಿಡಿಎಫ್. ಮತ್ತೆ ಗೆದ್ದಲು ಹಿಡಿದದ್ದನ್ನು ಇವತ್ತೇ ಬೇರೆ ಕೋಣೆಗೆ ಹಾಕಿ, ಸ್ಕ್ಯಾನ್ ಆಮೇಲೆ.