‘ಬಿಂಬ ಸ್ಥಿರೀಕರಣ’: ಸ್ಥಿರವಾಗುವುದು ಯಾವುದು?

ಮಾನ್ಯರೇ,

2016ರಲ್ಲಿ ಏಷ್ಯಾ-ಪೆಸಿಫಿಕ್ ಕಾರು ರ್ಯಾಲಿ ಚಾಂಪಿಯನ್‌ಶಿಪ್‌ನ ಭಾರತದ ಸುತ್ತು ನಡೆದ ಚಿಕ್ಕಮಗಳೂರಿನಲ್ಲಿ, ರ್ಯಾಲಿ ಬಂತೆಂದರೆ ಕ್ಯಾಮೆರಾ ಹೊತ್ತು ತೋಟದ ದಾರಿ ಹಿಡಿಯುವ ಹುಡುಗರಿಗೆ ಕಡಿಮೆಯಿಲ್ಲ. ಅವರಿಗಾಗಿ ಕನ್ನಡದಲ್ಲೊಂದು ಕಿರುಟಿಪ್ಪಣಿ ಬರೆಯುತ್ತಿದ್ದೇನೆ. ಅದರಲ್ಲಿ, ಕೈ ಅಲುಗಿದರೂ ಚಿತ್ರ ಕಲಕದಂತೆ ನೋಡಿಕೊಳ್ಳುವ ಲೆನ್ಸಿನ ‘ಇಮೇಜ್ ಸ್ಟೆಬಿಲೈಸೇಷನ್’ ಸೌಲಭ್ಯವನ್ನು ‘ಬಿಂಬ ಸ್ಥಿರೀಕರಣ’ ಎಂದು ಕರೆದಿದ್ದೆ. ಅದನ್ನು ಓದಿದ ಒಬ್ಬ ಹುಡುಗ, ಸ್ವಿಚ್ ಹಾಕಿದರೆ ಕಾರು ತಾನಾಗಿಯೇ ಸ್ಪಷ್ಟವಾಗಿ ಮೂಡುತ್ತದೆಂದು ನಂಬಿ, ಮಣ್ಣುದಾರಿಯ ತಿರುವಿನಲ್ಲಿ ಕ್ಯಾಮೆರಾವನ್ನು ಕದಲಿಸದೆ ಹಿಡಿದು, ಶಟರ್ ವೇಗವನ್ನು (ಬೆಳಕು ಒಳಬರುವ ಹೊತ್ತನ್ನು) 1/60 ಸೆಕೆಂಡಿಗೆ ಇಟ್ಟು ಚಿತ್ರ ತೆಗೆದ. ಕಾಫಿ ಗಿಡದ ಎಲೆಗಳನ್ನು ಎಣಿಸಬಹುದಿತ್ತು. ಕಾರು ಮಾತ್ರ ಕೆಂಪು ಗೀರಾಗಿತ್ತು.

ತಪ್ಪು ಅವನದಲ್ಲ, ನಾನು ಬಳಸಿದ ಪದದ್ದು. ವೇದಾಂತದ ಚರ್ಚೆಗಳಲ್ಲಿ ಬಿಂಬವೆಂದರೆ ಎದುರಿಗಿರುವ ಮೂಲ, ಕನ್ನಡಿಯಲ್ಲಿ ಕಾಣುವುದು ಪ್ರತಿಬಿಂಬ. ಆ ಅರ್ಥವನ್ನೇ ಹಿಡಿದರೆ ‘ಬಿಂಬ ಸ್ಥಿರೀಕರಣ’ವು ಓಡುವ ಕಾರನ್ನೇ ನಿಲ್ಲಿಸುವ ವಿದ್ಯೆಯಾಗುತ್ತದೆ! ವಾಸ್ತವದಲ್ಲಿ ಲೆನ್ಸಿನ ಗೈರೋ ಸಂವೇದಕಗಳು ಅಳೆಯುವುದು ಕ್ಯಾಮೆರಾದ ಅಲುಗಾಟವನ್ನು. ಒಳಗಿನ ಕೆಲವು ಗಾಜುಗಳು ಅದಕ್ಕೆ ಪ್ರತಿಯಾಗಿ ಸರಿದು ಅದನ್ನು ಸರಿದೂಗಿಸುತ್ತವೆ. ಕಾರಿನ ಓಟ ಅವುಗಳ ಲೆಕ್ಕಕ್ಕೇ ಬರುವುದಿಲ್ಲ.

1995ರಲ್ಲಿ ಇದನ್ನು 75-300 ಮಿ.ಮೀ. ಲೆನ್ಸಿನಲ್ಲಿ ತಂದ ಕ್ಯಾನನ್, ‘ಇಮೇಜ್ ಸ್ಟೆಬಿಲೈಸೇಷನ್’ ಎಂಬ ಹೆಸರಿನಲ್ಲಿ ಫಲವನ್ನು ಹೇಳಿತು. ನಿಕಾನ್‌ನ ‘ವೈಬ್ರೇಷನ್ ರಿಡಕ್ಷನ್’ (ಕಂಪನ ತಗ್ಗಿಸುವುದು) ರೋಗವನ್ನು ಹೇಳುತ್ತದೆ. ಕನ್ನಡಕ್ಕೆ ಎರಡನೆಯ ದಾರಿಯೇ ಮೇಲೆಂದು ನನಗೆ ತೋರುತ್ತದೆ. ಆದರೆ ಯಾವ ರೋಗ? ‘ನಡುಕ’ ಎಂದೊಡನೆ ಚಳಿ, ಭಯ, ಮುಪ್ಪು ನೆನಪಾಗುತ್ತವೆ. ‘ಕುಲುಕಾಟ’ ನಮ್ಮ ಘಾಟಿಯ ಬಸ್ಸಿಗೆ ಸಲ್ಲತಕ್ಕದ್ದು. ತುಟಿ ಅದುರಿತು, ನೆಲ ಅದುರಿತು ಎನ್ನುವಲ್ಲಿ ಇರುವ, ನಮ್ಮ ಹಿಡಿತಕ್ಕೆ ಸಿಗದ ಸಣ್ಣ ಕಂಪನವೇ ಇಲ್ಲಿಯದೂ ಆಗಿರುವುದರಿಂದ ‘ಅದುರುತಡೆ’ ಎಂಬುದನ್ನು ಸೂಚಿಸುತ್ತಿದ್ದೇನೆ.

ಈ ಪದದ ಪ್ರಯೋಜನ ಪ್ಯಾನಿಂಗ್ ವಿವರಿಸುವಾಗ ಹೆಚ್ಚು ತಿಳಿಯುತ್ತದೆ. ಕಾರಿನ ಜೊತೆಗೇ ಕ್ಯಾಮೆರಾವನ್ನು ತಿರುಗಿಸುತ್ತ 1/60 ಅಥವಾ 1/125ರಲ್ಲಿ ಕ್ಲಿಕ್ಕಿಸಿದರೆ ಕಾರು ಸ್ಪಷ್ಟವಾಗಿದ್ದು ಹಿನ್ನೆಲೆ ಹರಿದಂತೆ ಕಾಣುತ್ತದೆ. ಕ್ಯಾನನ್‌ನ ಹಲವು ಲೆನ್ಸುಗಳಲ್ಲಿರುವ ಎರಡನೆಯ ಮೋಡ್ ಇದಕ್ಕೆಂದೇ ಇದೆ: ಅದು ಬೇಕೆಂದೇ ಮಾಡಿದ ಅಡ್ಡ ಚಲನೆಯನ್ನು ಅದರ ಪಾಡಿಗೆ ಬಿಟ್ಟು, ಮೇಲೆ-ಕೆಳಗಿನ ಅದುರನ್ನಷ್ಟೇ ತಡೆಯುತ್ತದೆ. ‘ಚಲಿಸುತ್ತಲೇ ಸ್ಥಿರೀಕರಿಸು’ ಎಂದರೆ ಕಲಿಯುವವನು ಕಕ್ಕಾಬಿಕ್ಕಿಯಾಗುತ್ತಾನೆ. ‘ಅಡ್ಡಕ್ಕೆ ಬಿಡು, ಅದುರು ತಡೆ’ ಎಂದರೆ ಅರ್ಥವಾಗುತ್ತದೆ.

ಬಲ್ಲವರಲ್ಲಿ ನನ್ನ ಪ್ರಶ್ನೆಗಳು ಎರಡು. ‘ಅದುರು’ ಎಂಬುದನ್ನು ಹೀಗೆ ನಾಮಪದವಾಗಿ ಬಳಸುವುದು ನಿಮ್ಮ ಕಡೆಯ ಕಿವಿಗೆ ಹಿತವೇ, ಅಥವಾ ‘ಅದುರಾಟ’ ಬೇಕೇ? ಹಾಗೆಯೇ, ‘ಪ್ಯಾನ್ ಮಾಡು’ ಎನ್ನುವುದಕ್ಕೆ, ಬಲೆ ಬೀಸು, ಚಾಮರ ಬೀಸು ಎಂಬಲ್ಲಿಯ ‘ಬೀಸು’ ಒಗ್ಗಬಹುದೇ? ಬೀಸಿದ ಕೈ ನಡುವೆ ನಿಲ್ಲದೆ ಕೊನೆಯವರೆಗೆ ಸಾಗುತ್ತದೆ, ಕ್ಲಿಕ್ಕಿಸಿದ ಮೇಲೂ ಕ್ಯಾಮೆರಾ ಸಾಗಬೇಕಾದಂತೆ; ಆದರೆ ರಾಗಿ ಬೀಸುವುದೂ ‘ಬೀಸು’ವೇ ಆದ್ದರಿಂದ ಅನುಮಾನ ಉಳಿದಿದೆ.