ಕರೆಂಟ್ ಹೋದರೆ ಬ್ಯಾಕಪ್ ಮತ್ತೆ ಮೊದಲಿಂದ, ಏನು ಮಾಡೋದು?

ಪ್ರಶ್ನೆ (ತೀರ್ಥಹಳ್ಳಿಯ ಫೋಟೊ ಸ್ಟುಡಿಯೊದವರು): ಸರ್, ಮದುವೆ, ಉಪನಯನ, ಯಕ್ಷಗಾನ ಎಲ್ಲ ಸೇರಿ 3 ಟಿಬಿ ಫೋಟೊ, ವಿಡಿಯೊ ಇದೆ. ಲಿನಕ್ಸ್ ಸಿಸ್ಟಮ್. ಟಾರ್ (ಫೈಲ್‌ಗಳನ್ನು ಒಟ್ಟು ಕಟ್ಟುವುದು) ಮತ್ತು ಜಿಜಿಪ್ (ಕುಗ್ಗಿಸುವುದು) ಬಳಸಿ ಒಂದೇ ಫೈಲ್ ಮಾಡಿ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಹಾಕಲು ಕೂತರೆ ಮಳೆಗೆ ಕರೆಂಟ್ ಹೋಗುತ್ತದೆ. ಯುಪಿಎಸ್ ಅರ್ಧ ಗಂಟೆಗೇ ಸುಸ್ತು. ಮತ್ತೆ ಮೊದಲಿಂದ. ಬೇರೆ ದಾರಿ ಇದೆಯಾ?

ಉತ್ತರ (ಶಿವಮೊಗ್ಗದ ಸಿಸ್ಟಮ್ ಅಡ್ಮಿನ್): ಈ ಕೆಲಸಕ್ಕೆ ಟಾರ್ ಬೇಡ ಮಾರಾಯ್ರೆ, ಆರ್‌ಸಿಂಕ್ ಅನ್ನುವ ನಕಲು ಪ್ರೋಗ್ರಾಮ್ ಹಿಡಿಯಿರಿ. 1979ರ ಯುನಿಕ್ಸ್‌ನಲ್ಲೇ ಇದ್ದ ಟಾರ್ ಮ್ಯಾಗ್ನೆಟಿಕ್ ಟೇಪ್‌ಗಾಗಿ ಹುಟ್ಟಿದ್ದು. ಶುರುವಿನಿಂದ ಕೊನೆಯವರೆಗೆ ಒಂದೇ ಸಮ ಬರೆಯುತ್ತದೆ, ನಡುವೆ ನಿಂತರೆ ಎಲ್ಲಿ ನಿಂತೆ ಅಂತ ನೆನಪಿಡುವುದಿಲ್ಲ. ಜಿಜಿಪ್ ಅಂತೂ ಇಲ್ಲಿ ದಂಡ. ಜೆಪೆಗ್, ಎಂಪಿ4 ಮೊದಲೇ ಕುಗ್ಗಿಸಿದ ಫೈಲ್‌ಗಳು, ಅವುಗಳಲ್ಲಿ ಜಾಗ ಉಳಿಯುವುದು ಅಷ್ಟಕ್ಕಷ್ಟೇ. ಮೇಲಿಂದ, ಆ ದೊಡ್ಡ ಫೈಲ್ ಒಂದು ಕಡೆ ಕೆಟ್ಟರೂ ಅಲ್ಲಿಂದ ಮುಂದಿನದು ಕೈಗೆ ಸಿಗುವುದು ಕಷ್ಟ.

ಆರ್‌ಸಿಂಕ್ ಒಂದೊಂದೇ ಫೈಲ್ ನಕಲು ಮಾಡುತ್ತದೆ. ಆರ್ಕೈವ್ ಆಯ್ಕೆ (-a) ಹಾಕಿ ಓಡಿಸಿ, ಫೈಲ್ ತಿದ್ದಿದ ಸಮಯವೂ ಜೊತೆಗೆ ಹೋಗುತ್ತದೆ. ಕರೆಂಟ್ ಬಂದ ಮೇಲೆ ಅದೇ ಕಮಾಂಡ್ ಕೊಡಿ. ಗಾತ್ರ, ತಿದ್ದಿದ ಸಮಯ ಎರಡೂ ಹೊಂದಿದರೆ ಆ ಫೈಲ್ ಬಿಟ್ಟು ಮುಂದೆ ಹೋಗುತ್ತದೆ. ಅರ್ಧಕ್ಕೆ ನಿಂತದ್ದು ಮಾತ್ರ ಮತ್ತೆ ಬರುತ್ತದೆ. ಚುಕ್ಕಿಯಿಂದ ಶುರುವಾಗುವ ಅರೆಬರೆ ಫೈಲ್ ಅಲ್ಲೇ ಉಳಿದಿದ್ದರೆ ಅಳಿಸಿಬಿಡಿ. ಎಲ್ಲ ಮುಗಿದ ಮೇಲೆ ಒಮ್ಮೆ ಚೆಕ್‌ಸಮ್ ಆಯ್ಕೆಯೊಂದಿಗೆ (ಫೈಲ್ ಒಳಗಿನದನ್ನೇ ಹೋಲಿಸುವುದು) ಓಡಿಸಿ. ಎರಡೂ ಡಿಸ್ಕ್ ಪೂರ್ತಿ ಓದುವುದರಿಂದ ನಿಧಾನ, ಆದರೆ ಕರೆಂಟ್ ಹೋದಾಗ ಹಾಳಾದ ಫೈಲ್ ಸಿಕ್ಕಿಬೀಳುತ್ತದೆ.

ಎರಡು ಕಡೆ ಎಚ್ಚರ. ಮೂಲ ಫೋಲ್ಡರ್ ಹೆಸರಿನ ಕೊನೆಗೆ ಸ್ಲ್ಯಾಶ್ ಹಾಕಿದರೆ ಒಳಗಿನದು ಮಾತ್ರ ಹೋಗುತ್ತದೆ, ಹಾಕದಿದ್ದರೆ ಫೋಲ್ಡರೇ ಹೋಗುತ್ತದೆ. ಡಿಲೀಟ್ ಆಯ್ಕೆ ಹಾಕಿದರೆ, ಮೂಲದಲ್ಲಿ ಇಲ್ಲದ್ದನ್ನೆಲ್ಲ ಬ್ಯಾಕಪ್‌ನಿಂದಲೂ ತೆಗೆದುಬಿಡುತ್ತದೆ. ಮೊದಲು ಡ್ರೈ ರನ್ (ಏನೂ ಬದಲಿಸದೆ ಏನಾಗುತ್ತದೆ ಅಂತ ತೋರಿಸುವುದು) ಮಾಡಿ ನೋಡದೆ ಅದನ್ನು ಮುಟ್ಟಬೇಡಿ.

ಯುಎಸ್‌ಬಿ 2 ಪೋರ್ಟ್‌ಗೆ ಚುಚ್ಚಿದ್ದರೆ ಮೊದಲ ನಕಲಿಗೇ ಒಂದು ದಿನ ಹಿಡಿದೀತು. ಯುಎಸ್‌ಬಿ 3 ಹುಡುಕಿ.

ಪ್ರಶ್ನೆ (ಸಾಗರದಿಂದ): ಫೈಲ್ ಅಳಿಸಿದ್ದು ತಿಂಗಳು ಬಿಟ್ಟು ಗೊತ್ತಾದರೆ?

ಉತ್ತರ: ಒಳ್ಳೇ ಪ್ರಶ್ನೆ. ಬರೀ ನಕಲಿದ್ದರೆ ಅಷ್ಟರಲ್ಲಿ ಅಲ್ಲೂ ಹೋಗಿರಬಹುದು. ಹಳೆಯ ಸ್ಥಿತಿಗಳೂ ಬೇಕಾದರೆ ಬೋರ್ಗ್ ಅಥವಾ ರೆಸ್ಟಿಕ್ ಅನ್ನುವ ಬ್ಯಾಕಪ್ ಪ್ರೋಗ್ರಾಮ್ ನೋಡಿ. ಫೈಲನ್ನು ತುಂಡು ಮಾಡಿ, ಒಂದೇ ತರದ ತುಂಡನ್ನು ಒಮ್ಮೆ ಮಾತ್ರ ಇಡುತ್ತವೆ. ಹಾಗಾಗಿ ವಾರಕ್ಕೊಂದು ಬ್ಯಾಕಪ್ ತೆಗೆದರೂ ಹೊಸದಕ್ಕಷ್ಟೇ ಜಾಗ ಬೇಕು. ಕರೆಂಟ್ ಹೋದರೂ ಅಷ್ಟರವರೆಗೆ ಉಳಿಸಿದ ತುಂಡುಗಳು ಬಹುತೇಕ ಮತ್ತೆ ಬಳಕೆಗೆ ಬರುತ್ತವೆ. ಆದರೆ ಬ್ಯಾಕಪ್‌ಗೆ ಬೀಗದಂತೆ ಹಾಕಿದ ಪಾಸ್‌ವರ್ಡ್ ಮರೆತರೆ ಮುಗಿಯಿತು, ಯಾರೂ ತೆರೆಯಲಾರರು. ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ.

ತೀರ್ಥಹಳ್ಳಿಯವರು: ಒಂದು ಡಿಸ್ಕ್ ಸಾಕಾ ಸರ್?

ಉತ್ತರ: ಸಾಲದು. ನಮ್ಮ ಕಡೆಯ ಗುಡುಗು ಸಿಡಿಲಿಗೆ ಚುಚ್ಚಿಟ್ಟ ಡಿಸ್ಕ್, ಸಿಸ್ಟಮ್ ಎರಡೂ ಒಟ್ಟಿಗೆ ಹೋಗಬಹುದು. ಕೆಲಸ ಆದ ಕೂಡಲೇ ಬಿಚ್ಚಿಡಿ. ಇನ್ನೊಂದನ್ನು ಬೇರೆ ಊರಿನ ನೆಂಟರ ಮನೆಯಲ್ಲಿಡಿ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ. ಆಗಾಗ ತರಿಸಿ ಒಂದೆರಡು ವಿಡಿಯೊ ವಾಪಸ್ ತೆಗೆದು ಓಡಿಸಿ ನೋಡಿ.